ಎರಡನೇ ಕಿಟಕಿಯ ಹುಡುಗ

ಕಿರಿಮಂಜೇಶ್ವರ
೧೪–೧೧–೨೦೨೪, ಗುರುವಾರ

ಮಗಳು ಪುಷ್ಪಳಿಗೆ, ಮುಂಬೈಯಲ್ಲಿ ಅಳಿಯನೂ ನೀನೂ ಸುಖವಾಗಿರಿ ಎಂದು ಹಾರೈಸಿ ನಿನ್ನ ಅಮ್ಮ ಬರೆಯುವುದು.

ಭಾನುವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಸಿಟ್ಟು ಇರಲಿ, ಕಾಗದವನ್ನಾದರೂ ಓದು. ನಾನು ಯಾರೆಂದು ಮರೆತಿದ್ದರೆ ಹೇಳುತ್ತೇನೆ. ನಾನು ಬಡಾಮನೆ ತುಂಗಾ. ಹೈಸ್ಕೂಲು ಮುಗಿಸಿ ಈ ಮನೆಯ ಯಜಮಾನಿಕೆ ಹಿಡಿದವಳು. ಬೈಂದೂರಿನಿಂದ ಬ್ರಹ್ಮಾವರದ ತನಕ ನಮ್ಮವರಲ್ಲಿ ಒಂದು ಸಂಬಂಧ ಕುದುರಬೇಕಾದರೆ ಮೊದಲು ನನ್ನ ಜಗಲಿಗೆ ಬಂದು ಬಳಿ ಕೇಳಿಕೊಂಡು ಹೋಗುತ್ತಾರೆ. ಬಳಿ ತಾಯಿಯಿಂದ ಬರುವುದು. ಒಂದೇ ಬಳಿಯವರು ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ನಾನು ಆಗುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಭಾನುವಾರ ನಿನ್ನ ಮಗಳು ರಮ್ಯಶ್ರೀಗೂ ಹಾಗೆಯೇ ಹೇಳಿದೆ. ಅದು ಹೇಗೆ ನಡೆಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ.

ಕುಂದಾಪುರದ ನಮ್ಮ ಸಂಘದ ಆಫೀಸಿನ ಕಂಪ್ಯೂಟರಿಗೆ ರಮ್ಯಶ್ರೀ ಒಂದು ಪ್ರೋಗ್ರಾಂ ಬರೆದಿದ್ದಾಳೆ. ಹೆಸರು ಹೊಡೆದರೆ ಫೋಟೋ, ಮನೆ, ಬಳಿ ಎಲ್ಲ ಬರುತ್ತದೆ. ಭಾನುವಾರ ಅದನ್ನು ಶುರು ಮಾಡುವಾಗ ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಕಾರ್ಯದರ್ಶಿ ಪ್ರವೀಣನಿಗೆ ಬಾಯಿ ಸುಮ್ಮನಿರುವುದಿಲ್ಲ. "ಹ್ವಾಯ್ ತುಂಗಕ್ಕ, ನಿಮ್ಮ್ ಕೆಲ್ಸ ಹೋಯ್ತ್ ಕಾಣಿ, ಇನ್ ಮನ್ಯಗೆ ಕೂಕಣಿ" ಎಂದ. ನಾನು ಅವನ ಮುಖ ನೋಡಲಿಲ್ಲ.

ರಮ್ಯಶ್ರೀ ತನ್ನದೇ ಹೆಸರು ಹೊಡೆದಳು. ಕೆಳಗೆ 'ಇನ್ನೊಬ್ಬರು' ಎಂದು ಬರೆದ ಬಟನ್ ಇತ್ತು. "ಅಮ್ಮಮ್ಮ, ಇದನ್ನ್ ನೀವೇ ಒತ್ತಿ, ಇಬ್ರನ್ನೂ ಒಟ್ಟಿಗೆ ಕಾಣ್ಲಕ್ಕ್" ಎಂದಳು. ಒತ್ತಿದೆ. ಮೊದಲಿನ ಕಿಟಕಿ ಮುಚ್ಚಲಿಲ್ಲ ಪುಷ್ಪಾ, ಅದರ ಪಕ್ಕದಲ್ಲೇ ಇನ್ನೊಂದು ತೆರೆಯಿತು. ಯಕ್ಷಗಾನದ ಜೋಡಾಟಕ್ಕೆ ಅಕ್ಕಪಕ್ಕ ಎರಡು ರಂಗಸ್ಥಳ ಕಟ್ಟಿದ ಹಾಗೆ. ಆ ಎರಡನೇ ಕಿಟಕಿಯಲ್ಲಿ ಅವಳು ಹೊಡೆದದ್ದು ಯೋಗೀಶ್, ಬ್ರಹ್ಮಾವರ ಎಂದು. ಹುಡುಗನ ಫೋಟೋ ಬಂತು. ತಿರುಗಿ ನೋಡಿದರೆ ಅದೇ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದಾನೆ. ಇವನನ್ನು ಮದುವೆಯಾಗುತ್ತೇನೆ ಎಂದು ನನ್ನ ಎದುರು ನಿಂತು ಹೇಳಲಾರದೆ ಹುಡುಗಿ ಅದನ್ನು ನನ್ನ ಕೈಯಿಂದಲೇ ತೆರೆಸಿದ್ದಳು.

ಆಮೇಲೆ ಬಳಿ ನೋಡಿದೆ. ಎರಡೂ ಕಡೆ ಸಾಲಿಯನ್ನ ಬಳಿ. ಎದ್ದು ನಿಂತು, ಇದು ಆಗುವ ಮಾತಲ್ಲ ಎಂದು ಎಲ್ಲರ ಎದುರಿಗೇ ಹೇಳಿದೆ.

ಹುಡುಗ ಸಣ್ಣವನಿರುವಾಗಲೇ ತಾಯಿಯನ್ನು ಕಳೆದುಕೊಂಡವನು, ತಂದೆಯ ಕಡೆಯಲ್ಲಿ ಬೆಳೆದವನು. ಅವನಿಗೆ ತನ್ನ ಬಳಿ ಯಾವುದೆಂದೇ ಗೊತ್ತಿಲ್ಲ. ವಿವರ ಕಳಿಸಿದ್ದು ಶಂಕರನಾರಾಯಣದಲ್ಲಿರುವ ಸೋದರಮಾವ ಶೀನ. ಹುಡುಗ ಪರದೆ ನೋಡಿದ, ನನ್ನನ್ನು ನೋಡಿದ, ಕೈ ಮುಗಿದು ಹೊರಟುಹೋದ. ರಮ್ಯಶ್ರೀ ಕುರ್ಚಿ ಎಳೆದುಕೊಂಡು "ಮುಂದಿನವ್ರ್ ಬನ್ನಿ" ಎಂದು ಉಳಿದವರಿಗೆ ತೋರಿಸುತ್ತಾ ಹೋದಳು. ಮನೆಗೆ ಬರುವ ಬಸ್ಸಿನಲ್ಲಿ ಮಾತ್ರ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ನಿಂತೇ ಬಂದಳು.

ಮಂಗಳವಾರ ನಾನು ಪುನಃ ಆಫೀಸಿಗೆ ಹೋದೆ. "ಎಂತ ತುಂಗಕ್ಕ, ಇವತ್ ಯಾರ್ ಮದ್ವಿ ತಪ್ಸುಕೆ ಬಂದ್ರಿ" ಎಂದು ಕೇಳಿದ ಪ್ರವೀಣ. "ನಂದೇ" ಎಂದೆ. ಮೊದಲ ಕಿಟಕಿಯಲ್ಲಿ ನನ್ನ ಹೆಸರು ಹಾಕಿಸಿದೆ. ಬಟನ್ ಒತ್ತಿದೆ. ಎರಡನೆಯದರಲ್ಲಿ ನಿನ್ನ ತೀರಿಹೋದ ಅಪ್ಪನ ಹೆಸರು. ಮೀಸೆಯ ಫೋಟೋ ಬಂತು. ಕೆಳಗೆ ಸಾಲಿಯನ್ನ ಬಳಿ.

ನಿನ್ನ ಅಪ್ಪ ಬಂಗೇರನ್ನ ಬಳಿಯವರು. ಕಂಪ್ಯೂಟರ್ ಹೇಳಿದ್ದು ನಿಜವಾದರೆ ನಾನು ಅಣ್ಣನ ಜೊತೆ ಸಂಸಾರ ಮಾಡಿದ್ದೇನೆ, ನೀನು ಹುಟ್ಟಲೇಬಾರದಿತ್ತು. ರಮ್ಯಶ್ರೀಯನ್ನು ಕರೆದು ತೋರಿಸಿದೆ. ಅವಳು ಕೂತು, ಬರೆದದ್ದನ್ನೆಲ್ಲ ಮೊದಲಿಂದ ತಿರುವಿ ಹಾಕಿದಳು. ಎರಡನೇ ಕಿಟಕಿಗೆ ಹೊಸಬರ ಹೆಸರು, ಫೋಟೋ ಸರಿಯಾಗಿ ಬರುತ್ತಿತ್ತು. ಬಳಿ ಮಾತ್ರ ಮೊದಲ ಕಿಟಕಿಯದೇ ಬಂದು ಕೂರುತ್ತಿತ್ತು. ಅವಳು ಪರೀಕ್ಷೆ ಮಾಡಿದ್ದು ನಿನ್ನನ್ನು, ನನ್ನನ್ನು, ನಾಗು ಚಿಕ್ಕಮ್ಮನನ್ನು, ಸೌಮ್ಯಶ್ರೀಯನ್ನು ಹಾಕಿ. ಎಲ್ಲರೂ ನಮ್ಮ ಮನೆಯ ಹೆಣ್ಣುಮಕ್ಕಳು, ಎಲ್ಲರದೂ ಒಂದೇ ಬಳಿ. ತಪ್ಪು ಕಾಣುವುದಾದರೂ ಹೇಗೆ?

ಯೋಗೀಶನ ಹೆಸರನ್ನು ಮೊದಲ ಕಿಟಕಿಯಲ್ಲೇ ಹಾಕಿದಳು. ಕುಂದರನ್ನ ಬಳಿ. ಹುಡುಗಿ ನನ್ನ ಹೆಗಲಿಗೆ ಮುಖ ಒತ್ತಿ, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಹಾಗೆ, "ಅಜ್ಜಯ್ಯ ಇದ್ದಿರೆ ನನ್ನನ್ನ್ ಬಿಡ್ತಿರ್ಲಿಲ್ಲ ಅಮ್ಮಮ್ಮ" ಎಂದಳು. ಊಟದ ಹೊತ್ತಿಗೆ ಸರಿ ಮಾಡಿದಳು. ಆಮೇಲೆ ನಾನು ಒತ್ತಿದ್ದೇ ಒತ್ತಿದ್ದು. ಪ್ರತಿ ಸಲ ಕಿಟಕಿ ತೆರೆಯುವಾಗ ಬೇರೆ ಮುಖ, ಬೇರೆ ಬಳಿ. ಬೆರಳು ತೆಗೆಯಲು ಮನಸ್ಸಾಗಲಿಲ್ಲ. ಪ್ರವೀಣ ಬಂದು "ಇನ್ ಸಾಕ್ ಮಾರಾಯ್ರೆ, ಬಟನ್ ಸವ್ದ್ ಹೋತ್ತ್" ಎಂದ.

ಭಾನುವಾರ ಅಲ್ಲಿದ್ದವರನ್ನೆಲ್ಲ ನಿನ್ನೆ ಅದೇ ಆಫೀಸಿಗೆ ಕರೆಸಿದೆ. ನಾನು ಆಡಿದ ಮಾತು ತಪ್ಪು, ಅದನ್ನು ಹಿಂದೆ ತೆಗೆದುಕೊಂಡಿದ್ದೇನೆ ಎಂದೆ. ನನ್ನ ಬಾಯಿಂದ ಅಂಥದ್ದು ಅವರು ಕೇಳಿದವರಲ್ಲ.

ಕೇಳಿಕೊಂಡು ಬರಬೇಕಾದವರು ಗಂಡಿನ ಕಡೆಯವರು, ಅದು ಕ್ರಮ. ಆದರೂ ಶೀನನ ಮನೆಗೆ ನಾನೇ ಹೋಗಿ, ಎಲೆ ಅಡಿಕೆ ಅವನ ಕೈಗಿಟ್ಟು, ರಮ್ಯಶ್ರೀಯನ್ನು ಕೊಡುತ್ತೇವೆ ಎಂದು ಮಾತು ಕೊಟ್ಟಾಗಿದೆ. ನನ್ನನ್ನು ಕೇಳಲಿಲ್ಲ ಎಂದು ಜಗಳ ತೆಗೆಯಬೇಡ. ಅಳಿಯನನ್ನು ಕರೆದುಕೊಂಡು ರೈಲು ಹತ್ತು.

ನಿನ್ನ ಅಮ್ಮ,
ತುಂಗಾ

ತಾ.ಕ.: ನಾಳೆ ಶೀನ ಬಾಯಿ ಬಿಡುವ ಮೊದಲು ನಾನೇ ಹೇಳುತ್ತೇನೆ. ನಾನು ಶಂಕರನಾರಾಯಣದ ಬಸ್ಸು ಹತ್ತಿದ್ದು ಸೋಮವಾರ, ಕಂಪ್ಯೂಟರ್ ಇನ್ನೂ ಒಂದೇ ಬಳಿ ಎನ್ನುತ್ತಿದ್ದಾಗ. ಎಲೆ ಅಡಿಕೆ ಕೈಗಿಟ್ಟ ಮೇಲೆಯೇ ನಿಮ್ಮದು ಯಾವ ಬಳಿ ಎಂದು ಕೇಳಿದೆ. ಅವನು ಕುಂದರನ್ನ ಎಂದ. ಸಾಲಿಯನ್ನ ಎಂದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡ. ಕೊಟ್ಟ ವೀಳ್ಯವನ್ನು ನಾನು ಕಿತ್ತುಕೊಂಡು ಬರುವವಳಲ್ಲ. ಇದನ್ನು ರಮ್ಯಶ್ರೀಗೆ ಹೇಳಬೇಡ. ಬಳಿ ನೋಡದೆ ಹುಡುಗಿ ಕೊಡುವ ಮನೆ ನಮ್ಮದು ಎಂದು ಅವಳು ತಿಳಿಯಬಾರದು.