ಬಲ್ಬು ಸಿಕ್ಕಿಸಿ ನೋಡಿದಾಗ

ನವೆಂಬರ್ 4, ಬೆಳಿಗ್ಗೆ

...ಆದ್ದರಿಂದ ಬ್ಯಾಟರಿಯಲ್ಲಿ ದೋಷವಿಲ್ಲ, ನಿನ್ನೆ ಬರೆದದ್ದೇ ಸರಿ. ಈಗ ಮತ್ತೆ ನೋಡಿದೆ. ಹಳದಿ ಮೀಟರಿನ ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ — 12.6 ವೋಲ್ಟ್. ತುಂಬಿದ ಬ್ಯಾಟರಿ. ಆದರೂ ಅತ್ತೆಯ ಉಸಿರಿನ ಯಂತ್ರ ಎರಡು ಸಲ ಗುರ್ ಎಂದು ನಿಂತುಬಿಡುತ್ತದೆ. ಔಷಧಿ ಆವಿಯಾಗದೆ ಬಟ್ಟಲಲ್ಲೇ ಉಳಿಯುತ್ತದೆ. ವೈರು ಬದಲಿಸಿದೆ. ಇನ್ವರ್ಟರ್ ಬಿಚ್ಚಿ ಮುಚ್ಚಿದೆ. ಕರೆಂಟ್ ನಿನ್ನೆ ಒಂದಿಷ್ಟು ಹೊತ್ತು ಬಂದಿತ್ತು, ಅಷ್ಟೇ.

ಸ್ಕೂಟರ್ ರಿಪೇರಿಯ ಯೊಸ್ವಾನಿಗೆ ನನ್ನ ಹೆಂಡತಿ ಮಿರ್ತಾಳ ಹೊಲಿಗೆ ಯಂತ್ರ ಕೊಟ್ಟು ತಂದ ಬ್ಯಾಟರಿ. ಅವಳಿದ್ದಿದ್ದರೆ... ಇರಲಿ. ಅವಳ ತಾಯಿಗಾಗಿ ತಾನೇ.

ಅತ್ತೆ ಒಳಗಿನಿಂದ: "ಎವೇಲಿಯೊ, ಇಡೀ ಕ್ಯೂಬಾದಲ್ಲಿ ಕರೆಂಟ್ ಇರೋದು ನಿನ್ನ ಆ ಹಳದಿ ಡಬ್ಬೀಲಿ ಮಾತ್ರ ಕಣಯ್ಯ. ಅದನ್ನೇ ಮೂಗಿಗೆ ಹಿಡಿಯೋ!"

ನಕ್ಕರು. ನಕ್ಕದ್ದಕ್ಕೆ ಕೆಮ್ಮು. ಕೆಮ್ಮಿದ ಮೇಲೆ ಬಹಳ ಹೊತ್ತು ಏದುಸಿರು.

ನವೆಂಬರ್ 5

ನಮ್ಮ ಬೀದಿಯ ಡಾಕ್ಟರ್ ದಯಾಮಿ ಬಂದಿದ್ದರು. ಅತ್ತೆ ಬೆಳಿಗ್ಗೆಯೇ ತಲೆ ಬಾಚಿ, ಪೌಡರ್ ಹಚ್ಚಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ರಾಣಿಯಂತೆ.

"ಅಜ್ಜಿ, ಹೇಗಿದ್ದೀರಿ?"

"ನಿನಗಿಂತ ಚೆನ್ನಾಗಿದ್ದೀನಮ್ಮ. ಮದುವೆ ಆಯ್ತಾ?"

ಡಾಕ್ಟರ್ ನಕ್ಕು ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಸಿಕ್ಕಿಸಿದರು. ತೊಂಬತ್ತಮೂರು. "ಪರವಾಗಿಲ್ಲ. ಆಸ್ಪತ್ರೇಲಿ ಹಾಸಿಗೆ ಇಲ್ಲ, ಎವೇಲಿಯೊ ಅವರೇ. ಮನೇಲೇ ಇರಲಿ."

ಅಂಕಿ ಅಂಕಿಯೇ.

ಅವರು ಹೋದ ಮೇಲೆ ಅತ್ತೆ ಕುರ್ಚಿಯ ಕೈ ಹಿಡಿದು ಕೂತರು. ಮುಂದಿಟ್ಟ ಬೀನ್ಸ್ ಸಾರು ಆರಿದ ಮೇಲೆ ಉಸಿರು ಸಿಕ್ಕಿ ದನಿ ಬಂತು. "ಆ ಆಸ್ಪತ್ರೆಗೆ ಹಾಕಬೇಡ್ವೋ. ಹೋದ ಮಿರ್ತಾ ವಾಪಸ್ ಬಂದಳಾ?"

ನವೆಂಬರ್ 8

ಬರೆಯಲಾಗಲಿಲ್ಲ. ಅತ್ತೆಯ ತುಟಿ ನೀಲಿಯಾಗಿದೆ. ಕೇಳಿದರೆ "ರೇಷನ್ನಿನ ಬಟಾಣಿ ಬೆರೆಸಿದ ಕಾಫಿಯ ಬಣ್ಣ" ಎನ್ನುತ್ತಾರೆ. ರಟ್ಟಿನಿಂದ ಗಾಳಿ ಹಾಕುತ್ತೇನೆ, ಬೇರೇನೂ ತೋಚುವುದಿಲ್ಲ. ಈ ಮನೆಯಲ್ಲಿ ನನ್ನ ಹೆಸರು ಹಿಡಿದು ಕೂಗುವವರು ಇನ್ನಾರಿದ್ದಾರೆ?

ನವೆಂಬರ್ 9, ಮಧ್ಯಾಹ್ನ

ಮೀಟರ್ ಜೊತೆ ಬಂದ ಇಂಗ್ಲಿಷ್ ಚೀಟಿ ಓದಿದೆ. ಮೊದಲೇ ಓದಬೇಕಿತ್ತು. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತವನು — ಈಗ ಉಳಿದಿರುವುದು ಗುಡ್ ಮಾರ್ನಿಂಗ್, ವಿಂಡೋ, ಮತ್ತೆ ಯಾವುದೋ ಹಕ್ಕಿಯ ಪದ್ಯದ ಅರ್ಧ ಸಾಲು... ಇರಲಿ. "ಟೆಸ್ಟ್ ಅಂಡರ್ ಲೋಡ್." ಲೋಡ್ ಎಂದರೆ ಹೊರೆ. ಇದು ನೆನಪಿದೆ.

ಬ್ಯಾಟರಿಗೆ ಸ್ಕೂಟರಿನ ಹೆಡ್‌ಲೈಟ್ ಬಲ್ಬು ಸಿಕ್ಕಿಸಿ ಮೀಟರ್ ಹಿಡಿದೆ. 12.6... 11... 9. ಬಲ್ಬು ಕೆಂಪಗಾಗಿ ಕಣ್ಣು ಮುಚ್ಚಿತು. ಬಲ್ಬು ತೆಗೆದೆ. ಅಂಕಿ ಮೆಲ್ಲಗೆ ಮೇಲೆ ಹತ್ತಿ ಮತ್ತೆ 12 ದಾಟಿತು, ಏನೂ ಆಗೇ ಇಲ್ಲ ಎಂಬಂತೆ.

ಸುಮ್ಮನೆ ಕೂತಾಗ ಚೆನ್ನಾಗಿದೆ. ಕೆಲಸ ಹೇಳಿದರೆ ಜೀವವಿಲ್ಲ.

ತಲೆಯೆತ್ತಿದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅತ್ತೆ. ಪೌಡರ್ ಹಚ್ಚಿಕೊಂಡು.

ಡಾಕ್ಟರ್ ಮನೆಗೆ ಓಡಿದೆ.

ಅದೇ ದಿನ, ಸಂಜೆ

"ಕೂರಿಸಿ ನೋಡಬೇಡಿ ಡಾಕ್ಟರಮ್ಮ. ನಡೆಸಿ ನೋಡಿ. ಬಾಗಿಲವರೆಗೆ ಸಾಕು."

ಅತ್ತೆ ದುರುಗುಟ್ಟಿದರು. "ದ್ರೋಹಿ." ಆದರೂ ಎದ್ದರು — ಹಟ, ಮಗಳದೇ ಹಟ. ಕ್ಲಿಪ್ ಬೆರಳಲ್ಲೇ ಇತ್ತು. ಮೇಜಿನವರೆಗೆ ಬಂದರು. ಎಂಬತ್ತೆಂಟು. ಮೇಜು ಹಿಡಿದರು. ಎಪ್ಪತ್ತೊಂಬತ್ತು. ಬಾಗಿಲು ಇನ್ನೂ ದೂರವಿತ್ತು.

ಡಾಕ್ಟರ್ ಅವರನ್ನು ತಬ್ಬಿ ಕೂರಿಸಿ, "ಅಜ್ಜಿ, ನನಗೇ ಮೋಸ ಮಾಡಿದ್ರಲ್ಲ" ಎಂದರು. ಆಸ್ಪತ್ರೆಗೆ ಹೇಳಿ ಆಮ್ಲಜನಕವಿರುವ ಹಾಸಿಗೆ ಗೊತ್ತು ಮಾಡಿದ್ದಾರೆ. ಆಂಬುಲೆನ್ಸಿಗೆ ಪೆಟ್ರೋಲ್ ಇಲ್ಲ. ಯೊಸ್ವಾನಿಯ ಮೂರು ಗಾಲಿಯ ಗಾಡಿ ತರಲು ಹೋಗಿದ್ದಾರೆ. ಇನ್ನೂ ಬಂದಿಲ್ಲ.

"ಮಿರ್ತಾ ಮಲಗಿದ್ದ ವಾರ್ಡ್ ಬೇಡ."

"ಇಲ್ಲ ಅತ್ತೆ, ಬೇರೆ."

ಯಾವ ವಾರ್ಡೋ ನನಗೆ ಗೊತ್ತಿಲ್ಲ.

"ಬರಿಗಾಲಲ್ಲಿ ಕರ್ಕೊಂಡು ಹೋಗ್ತೀಯೇನೋ? ನನ್ನ ಬೂಟು ಎಲ್ಲಿ?"

ಎಡಗಾಲಿನದು ಸಿಕ್ಕಿದೆ. ಇನ್ನೊಂದು ಮಂಚದ ಕೆಳಗಿರಬೇಕು. ಅಕ್ಷರ ಕಾಣಿಸುತ್ತಿಲ್ಲ — ಬೆಳಕು ಹೋಗುತ್ತಿದೆ, ಅಷ್ಟರೊಳಗೆ ಹುಡುಕಿ ತೊಡಿಸಬೇಕು...