ಸುಬ್ಬಿಗೆ ಹೇಳದೆ ಹೋದ ಬೆಳಿಗ್ಗೆ

ನೆಲ್ಯಹುದಿಕೇರಿ
೧೨ ಮಾರ್ಚ್ ೨೦೨೪

ಪ್ರೀತಿಯ ವಿನುತಾ,

ಮಾವನ ಬಲಗೈಗೆ ಸ್ವಲ್ಪವಾದರೂ ಬಲ ಬಂತೇ? ಚಮಚ ಹಿಡಿಯುತ್ತಾರೆ ಎಂದು ಹೋದ ವಾರ ನೀನು ಹೇಳಿದಾಗ ಅವ್ವ ದೇವರಿಗೆ ಕೈಮುಗಿದಳು. ನಿನ್ನ ಸೊಂಟನೋವು ಹೇಗಿದೆ? ಅವರನ್ನು ಎತ್ತಿ ಕೂರಿಸುವಾಗ ಸೊಂಟ ಬಗ್ಗಿಸಬೇಡ, ಮಂಡಿ ಮಡಿಸು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಕಾಫಿ ಹೂವಿನ ಸಮಯ, ಸ್ಪ್ರಿಂಕ್ಲರ್ ಪಂಪು ಕೆಟ್ಟ ತೋಟದವರೆಲ್ಲ ನನ್ನನ್ನೇ ಹುಡುಕುತ್ತಾರೆ. ಫೋನಿನಲ್ಲಿ ನಾವು ಮಾವನ ಮಾತ್ರೆ, ಗ್ಯಾಸ್ ಸಿಲಿಂಡರ್ ಎಂದು ಮುಗಿಸಿಬಿಡುತ್ತೇವೆ. ನಿನ್ನ ತವರು ಪಿರಿಯಾಪಟ್ಟಣವೇನು ದೂರವಲ್ಲ, ಆದರೂ ನೀನು ಹೋಗಿ ಮೂರು ತಿಂಗಳಾಯಿತು. ಅದಕ್ಕೇ ಈ ಕಾಗದ.

ನಿನಗೆ ಮುಚ್ಚಿಟ್ಟ ವಿಷಯ ಒಂದಿದೆ. ಕೇಳಿದಾಗಲೆಲ್ಲ ಸುಬ್ಬಿ ಹುಷಾರಾಗಿದ್ದಾಳೆ ಎಂದೆ. ಸುಳ್ಳು ಹೇಳಿದೆ. ನೀನು ಹೋದ ಎಂಟೇ ದಿನಕ್ಕೆ ಅವಳು ಎದೆಯ ಹಳದಿ ಗರಿಗಳನ್ನು ಒಂದೊಂದಾಗಿ ಕೀಳತೊಡಗಿದಳು. ಬಂಗಲೆಯ ಅಮ್ಮ ಊರು ಬಿಡುವಾಗ "ಈ ಮಕಾವ್ ಗಿಣಿ ನಿನ್ನ ಕೈಗೇ ಒಗ್ಗಿದೆ, ನೀನೇ ಇಟ್ಕೊ" ಎಂದು ಕಾಗದಪತ್ರದ ಸಮೇತ ನಿನಗೆ ಒಪ್ಪಿಸಿದ ಹಕ್ಕಿ, ಪುಕ್ಕ ಕಿತ್ತ ಕೋಳಿಯ ಹಾಗೆ ಕೂತಿತ್ತು. ಮೊದಲಿಂದಲೂ ಇದ್ದ ಕಿರುಚಾಟ ಈಗ ಸಂಜೆ ಐದಾದರೆ ಹೊಳೆಯಾಚೆಗೂ ಕೇಳುತ್ತಿತ್ತು. ನಾನು ಓಡಿಹೋಗಿ "ಸುಮ್ನಿರೇ" ಎಂದು ಗದರುತ್ತಿದ್ದೆ. ಅವ್ವ ಪೊರಕೆ ಬಡಿದು "ಇದು ಗಿಣಿಯಲ್ಲ ಕಣ್ಲಾ, ಶನಿ" ಎನ್ನುತ್ತಿದ್ದಳು. ಕೊನೆಗೆ ಪಶುವೈದ್ಯೆಯ ಹತ್ತಿರ ಒಯ್ದೆ. ಅವರು ಪರೀಕ್ಷೆ ಮಾಡಿ, ಮೈಯಲ್ಲಿ ಕಾಯಿಲೆ ಇಲ್ಲ ಎಂದರು. "ನೀವು ಓಡಿ ಬಂದು ಬೈದ್ರೂ ಅದಕ್ಕೆ ಲಾಭಾನೇ. ಕಿರುಚಿದ್ರೆ ಜನ ಬರ್ತಾರೆ ಅಂತ ಕಲ್ತಿದೆ. ಸುಮ್ನಿದ್ದಾಗ ಹೋಗಿ ಮಾತಾಡ್ಸಿ" ಎಂದರು. ಕಣ್ಣಿನ ಪಾಪೆ ಸಣ್ಣದು ದೊಡ್ಡದು ಆಗುತ್ತಿದ್ದು ಕತ್ತಿನ ಗರಿ ನಿಮಿರಿದರೆ ಕೈ ಹಿಂದೆ ತೆಗೆಯಬೇಕಂತೆ. ಅದನ್ನು ಕಲಿಯುವಷ್ಟರಲ್ಲಿ ನನ್ನ ಹೆಬ್ಬೆರಳು ಎರಡು ಸಲ ಹರಿದಿತ್ತು. ಬೆಣ್ಣೆಹಣ್ಣು ಅವಳಿಗೆ ವಿಷವಂತೆ, ನಮ್ಮ ಹಿತ್ತಲಲ್ಲೇ ಮರವಿದೆಯಲ್ಲ, ಪುಣ್ಯಕ್ಕೆ ಕೊಟ್ಟಿರಲಿಲ್ಲ. ಕಡಿಯಲಿಕ್ಕೆ ಔಷಧಿ ಹೊಡೆಯದ ಕಾಫಿ ಕೊಂಬೆ ತಂದು ಕಟ್ಟಿದೆ. ಕಿರುಚಾಟ ಇಳಿಯಿತು. ಗರಿ ಕೀಳುವುದು ಮಾತ್ರ ನಿಲ್ಲಲಿಲ್ಲ.

ಅದಕ್ಕೆ ದಾರಿ ತೋರಿದ್ದು ಒಂದು ಕಥೆ. ನನಗೆ ಅದನ್ನು ಮೊದಲು ಹೇಳಿದವನು ದುಬಾರೆಯ ಮಾವುತ ಚೋಮ, ಸಂಕ್ರಾಂತಿಯ ಸಂಜೆ, ನಮ್ಮ ಜಗಲಿಯಲ್ಲಿ ಎಳ್ಳುಬೆಲ್ಲ ಮೆಲ್ಲುತ್ತ. ಅವನ ತಾತನ ಕಾಲದಲ್ಲಿ ಒಬ್ಬ ಮಾವುತ ಆನೆಗೆ ಹೇಳದೆ ಮದುವೆಗೆಂದು ಊರಿಗೆ ಹೋದನಂತೆ. ಆನೆ ನಾಲ್ಕು ದಿನ ಸೊಪ್ಪು ತಿನ್ನಲಿಲ್ಲ, ಅದನ್ನೇ ಬೆನ್ನ ಮೇಲೆ ಎಸೆದುಕೊಂಡು ನಿಂತಿತು. ಹೊಸ ಹೆಂಡತಿಯ ಜೊತೆ ಅವನು ಬಂದರೆ ತಿರುಗಿ ನಿಂತುಬಿಟ್ಟಿತು. "ಹೊಸ ಹೆಂಡ್ತಿ ಎರಡನೇ ದಿನಕ್ಕೇ ಮಾತಾಡಿದ್ಲು, ಆನೆ ಹನ್ನೊಂದ್ ದಿನ ಮುನಿಸ್ಕೊಂಡಿತ್ತು" ಎಂದು ಚೋಮ ನಕ್ಕ. ಅಂದಿನಿಂದ ಅವರ ಮನೆಯವರು ಎಲ್ಲಿಗೆ ಹೊರಟರೂ ಆನೆಯ ಕಿವಿ ಮುಟ್ಟಿ, ಹೋಗಿ ಬರ್ತೀನಿ ಎಂದು ಹೇಳಿಯೇ ಹೋಗುವುದಂತೆ. ಆಮೇಲೆ ಅವನು ಪಂಜರದ ಕಡೆ ನೋಡಿ ಕೇಳಿದ: "ಅಕ್ಕ ಹೋಗುವಾಗ ಇದಕ್ಕೆ ಹೇಳಿದ್ರಾ ಅಶ್ವಥಣ್ಣ?"

ನೀನು ಹೇಳಿರಲಿಲ್ಲ. ಪಂಜರದ ಬಟ್ಟೆಯನ್ನೂ ಸರಿಸದೆ ಮೊದಲ ಬಸ್ಸಿಗೆ ಹೋಗಿದ್ದೆ.

ಹಾಗಾಗಿ ನಾನು ಶುರುಮಾಡಿದೆ. "ಹೋಗಿ ಬರ್ತೀನಿ ಸುಬ್ಬಿ" ಎಂದು ಅಡಿಗೆಮನೆಗೆ ಹೋಗುವುದು, ಎರಡೇ ನಿಮಿಷಕ್ಕೆ ಬರುವುದು. ಸುಮ್ಮನಿದ್ದರೆ ಒಂದು ಗೋಡಂಬಿ. ಆಮೇಲೆ ಹೊಳೆಯವರೆಗೆ, ಆಮೇಲೆ ಸುಂಟಿಕೊಪ್ಪದವರೆಗೆ. ದಿನಾ ಬರುವ ಹೊತ್ತಿಗೆ ಬರಲೇಬೇಕು. ಒಂದು ದಿನ ಪಂಪು ಬಿಚ್ಚುತ್ತ ಕೂತು ತಡವಾಯಿತು, ಬಂದರೆ ನೆಲದ ಮೇಲೆ ಮೂರು ಗರಿ. ಈಗ ಕೀಳುವುದು ಬಿಟ್ಟಿದ್ದಾಳೆ. ಎದೆಯಲ್ಲಿ ಮುಳ್ಳಿನಂಥ ಹೊಸ ಗರಿ ಮೂಡುತ್ತಿವೆ. ಮೊನ್ನೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ, ಒಳಗಿನಿಂದ "ಹುಷಾರು, ಹೋಗ್ಬನ್ನಿ" ಎಂದು ಕೇಳಿಸಿತು. ನಿನ್ನದೇ ದನಿ, ಕೊನೆಯಲ್ಲಿ ನೀನು ಎಳೆಯುವಷ್ಟೇ ಎಳೆತ. ಆ ದಿನ ಕೆಲಸವಿಲ್ಲದಿದ್ದರೂ ಮೂರು ಸಲ ಚಪ್ಪಲಿ ಮೆಟ್ಟಿದೆ.

ಮಾವನಿಗೆ ನನ್ನ ನಮಸ್ಕಾರ ತಿಳಿಸು. ರಾತ್ರಿ ಒಂದು ಲೋಟ ಹಾಲಾದರೂ ಕುಡಿ, ಮರೆಯಬೇಡ.

ನಿನ್ನ,
ಅಶ್ವಥ್

ಮತ್ತೆ: ಚೋಮನ ಕಥೆ ಕೇಳಿದ ಮರುದಿನ ಬೆಳಿಗ್ಗೆ ನಾವೇನು ಮಾಡಿದೆವೆಂದು ಬರೆಯಲೇ ಇಲ್ಲ. ಅವ್ವ ಚೀಲ ಹಿಡಿದು ಪಂಜರದ ಮುಂದೆ ನಿಂತು "ರೇಷನ್ ಅಂಗ್ಡಿಗೆ ಹೋಗ್ಬುಟ್ ಬತ್ತೀನಿ ಕಣವ್ವ, ಮನೆ ಕಡೆ ನೋಡ್ಕೊ" ಎಂದಳು. ನಾನು ನಡುಕೋಣೆಯಲ್ಲಿದ್ದ ಹಳೇ ಪಂಪು, ಪೈಪುಗಳನ್ನೆಲ್ಲ ಕೊಟ್ಟಿಗೆಗೆ ಹೊತ್ತು ಹಾಕಿ, ಸುಣ್ಣ ಬಳಿದು, ಕಿಟಕಿಯ ಪಕ್ಕ ಮಾವನಿಗೆ ಮಂಚ ಹಾಕಿದೆ. ಅಪ್ಪನನ್ನು ಇಲ್ಲಿಗೇ ಕರೆತರೋಣ ಎಂದು ನೀನು ಕೇಳಿದ ರಾತ್ರಿ ನಾನು "ಕಿರುಚೋದು ಒಂದಿದೆಯಲ್ಲ, ಇನ್ನೊಂದ್ಯಾಕೆ" ಎಂದುಬಿಟ್ಟೆ. ಬೆಳಿಗ್ಗೆ ನೀನು ಬಾಗಿಲು ದಾಟುವಾಗ ನಾನು ಎಚ್ಚರವಾಗಿಯೇ ಇದ್ದೆ. ಹೋಗಿ ಬರ್ತೀನಿ ಎಂದು ನೀನು ನನಗೂ ಹೇಳಲಿಲ್ಲ ವಿನುತಾ. ಎಂಟು ವಾರದಿಂದ ಆ ಮಂಚದ ಧೂಳು ನಾನೇ ಒರೆಸುತ್ತಿದ್ದೇನೆ. ಮಾವನನ್ನು ಕರೆದುಕೊಂಡು ಬಾ, ಪಕ್ಕದ ಮನೆಯ ನಿತೇಶನ ಜೀಪು ಕಳಿಸುತ್ತೇನೆ. ಅವರು ಒಪ್ಪದಿದ್ದರೆ ಒಬ್ಬಳೇ ಒಂದು ಭಾನುವಾರ ಬಂದು ಹೋಗು. ಹೋಗುವಾಗ ಮಾತ್ರ ಸುಬ್ಬಿಗೂ ನನಗೂ ಹೇಳಿ ಹೋಗು.