ಹಿಂದಿನ ಕೋಣೆಯ ಪುಸ್ತಕ

ಮನೆಯಿಂದ,
ಮಂಗಳವಾರ, ನವೆಂಬರ್ ೧೨

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಭಾವ ತಂದುಕೊಟ್ಟ ಕೋಲು ಹಿಡಿಯಲು ಇನ್ನೂ ನಾಚಿಕೆಯೋ? ನನ್ನ ಕೆಮ್ಮು ಹಾಗೇ ಇದೆ. ಅದಿರಲಿ, ಈಗ ಕೆಮ್ಮಿಗಿಂತ ಸಿಟ್ಟು ಜಾಸ್ತಿ.

ಶನಿವಾರ ಲೈಬ್ರರಿಗೆ ಹೋಗಿದ್ದೆ. ಬಾಗಿಲಲ್ಲೇ ಹಳೆಯ ಪುಸ್ತಕಗಳಿಗೆ ಹಗ್ಗ ಬಿಗಿದು ರದ್ದಿಗೆಂದು ಒಟ್ಟಿದ್ದರು. ಮೇಲಿನ ಕಟ್ಟಿನಲ್ಲೇ ನೀನು ಬರೆದ ಪುಸ್ತಕ. ಐದು ವರ್ಷ ಯಾರೂ ಒಯ್ಯದಿದ್ದರೆ ತೆಗೆದುಹಾಕುವುದು ಈಗಿನ ಹೊಸ ನಿಯಮವಂತೆ. ಒಯ್ಯುವುದಾದರೂ ಹೇಗೆ? ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 'ಮಹಿಳಾ ವಿಭಾಗ' ಎಂದಿತ್ತು. ನಲವತ್ತು ವರ್ಷ ಅದು ಹಿಂದಿನ ಕೋಣೆಯಲ್ಲಿ, ಸ್ವೆಟರ್ ಹೆಣೆಯುವ ಪುಸ್ತಕಕ್ಕೂ ಮಕ್ಕಳ ಮಲಬದ್ಧತೆಯ ಪುಸ್ತಕಕ್ಕೂ ನಡುವೆ ಕೂತಿತ್ತು. ಅಪ್ಪನನ್ನು ಬಲಿ ತೆಗೆದುಕೊಂಡ ಗಿರಣಿಯ ಬಾಯ್ಲರ್, ವಾಲ್ವ್ ಕೆಟ್ಟಿದ್ದು ಗೊತ್ತಿದ್ದೂ ಪಾಳಿ ನಡೆಸಿದ ಯಜಮಾನರು, ಅಷ್ಟನ್ನೂ ಹೇಳುವ ಪುಸ್ತಕ! ಆ ಕೋಣೆಗೆ ಕಾಲಿಡಲು ಗಂಡಸರಿಗೆ ಮಾನ ಅಡ್ಡ ಬರುತ್ತದೆ. ಒಳಗೆ ಹೋದ ಹೆಂಗಸರು ಹೊದಿಕೆಯ ಮೇಲಿನ ಬಾಯ್ಲರ್ ನೋಡಿ, ಇದು ಗಂಡಸರದ್ದಿರಬೇಕು ಎಂದು ಪಕ್ಕಕ್ಕಿಟ್ಟಿರುತ್ತಾರೆ. ಗುಮಾಸ್ತ ನನ್ನನ್ನು ನೋಡಿ, "ಅದೆಲ್ಲ ಲೇಡೀಸ್ ಬುಕ್ಕು ಸಾರ್, ನಿಮಗ್ಯಾಕೆ?" ಎಂದ. ತೆಗೆದು ನೋಡಿದ್ದೀಯೇನಪ್ಪಾ ಎಂದೆ. "ಬರೆದೋರ ಹೆಸರು ನೋಡಿದ್ರೆ ಗೊತ್ತಾಗಲ್ವಾ?" ಎಂದುಬಿಟ್ಟ.

ಅವನೊಬ್ಬನನ್ನೇ ಬೈದು ಏನು ಬಂತು? ಪುಸ್ತಕ ಹೊರಬಂದಾಗ ಪತ್ರಿಕೆಯಲ್ಲಿ ವಿಮರ್ಶಕ ಮಹಾಶಯರು ಬರೆದದ್ದು ನನಗೆ ಅಕ್ಷರ ಬಿಡದೆ ನೆನಪಿದೆ: 'ಲೇಖಕಿಯ ಶೈಲಿಗೆ ಒಲೆಯ ಮುಂದಿನ ಹಿತವಾದ ಬಿಸುಪಿದೆ.' ಏಳು ಜನ ಬೆಂದುಹೋದ ಕಥೆಗೆ! ಅದೇ ವರ್ಷ ಒಬ್ಬ ಪ್ರೊಫೆಸರು ತನ್ನ ತಾಯಿ ಬಟ್ಟೆ ಒಗೆಯುತ್ತಿದ್ದುದನ್ನು ಮುನ್ನೂರು ಪುಟ ಬರೆದ. ಅದು ಲೈಬ್ರರಿಯ ಮುಂದಿನ ಹಾಲಿನಲ್ಲಿ, ಗಾಜಿನ ಬೀರುವಿನೊಳಗೆ, ಈಗಲೂ ಇದೆ. ಆಮೇಲೆ ನೀನು ಸಾಮಾನಿನ ಚೀಟಿ ಬಿಟ್ಟು ಇನ್ನೇನೂ ಬರೆಯಲಿಲ್ಲ.

ಪುಸ್ತಕವನ್ನು ಮನೆಗೆ ತಂದಿದ್ದೇನೆ. ಅದನ್ನು ಮುಂದಿನ ಹಾಲಿನಲ್ಲೇ ಇಡಬೇಕೆಂದು ಮುಖ್ಯಸ್ಥರಿಗೆ ಎರಡು ಪುಟ ದೂರು ಬರೆದೆ. ಉತ್ತರ ಬರುವ ನಂಬಿಕೆಯಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಮೆಟ್ಟಿಲು ಇಳಿಯುವಾಗ ಜೋಪಾನ.

ನಿನ್ನ ತಮ್ಮ

ಮ. ಸೂ.: ಮರೆತಿದ್ದೆ ಎನ್ನಲಾರೆ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಚ್ಚಾದ ಮೊದಲ ಪ್ರತಿಯನ್ನು ನೀನು ನನ್ನ ಕೈಗೇ ಕೊಟ್ಟಿದ್ದೆ. ವಾರ ಬಿಟ್ಟು, "ಚೆನ್ನಾಗಿದೆ ಅಕ್ಕಾ, ಹೆಂಗಸರಿಗೆ ಹಿಡಿಸುತ್ತೆ" ಎಂದಿದ್ದೆ. ನಾನು ತೆರೆದೂ ನೋಡಿರಲಿಲ್ಲ. ಓದಿದ್ದು ಮೊನ್ನೆ ಭಾನುವಾರ. ತೊಂಬತ್ತೊಂದನೆಯ ಪುಟದಲ್ಲಿ ಅಪ್ಪ ಆಸ್ಪತ್ರೆಯ ಮಂಚದ ಮೇಲೆ ಎರಡು ದಿನ ನಾನೆಲ್ಲಿ ಎಂದೇ ಕೇಳುತ್ತಾನೆ. ನೀನು "ಹೊರಟಿದ್ದಾನೆ, ದಾರೀಲಿದ್ದಾನೆ" ಎನ್ನುತ್ತಲೇ ಇರುತ್ತೀಯ. ನಾನು ಪರೀಕ್ಷೆ ಮುಗಿಸಿಕೊಂಡು ಮೂರನೆಯ ದಿನ ಬಂದೆ. ಇಷ್ಟು ವರ್ಷ ಈ ಮಾತನ್ನು ನೀನು ಒಮ್ಮೆಯೂ ಎತ್ತಲಿಲ್ಲ. ಇವನು ಓದಿಯೂ ಸುಮ್ಮನಿದ್ದಾನೆ ಎಂದುಕೊಂಡೆಯಾ, ಅಕ್ಕಾ?